ಟೆಕ್ಸಾಸ್ ಸ್ಟೇಟ್ ಪಾರ್ಕುಗಳಲ್ಲಿ ಗಲಾಟೆ ಇಲ್ದೆ ನೀರಿಗಿಳಿಯೋದು ಹೆಂಗೆ

ಆಸ್ಟಿನ್ನಿಗೆ ಬಂದ ಮೊದಲನೇ ಬೇಸಿಗೇಲಿ ಎಲ್ಲರೂ ಮಾಡೋ ತಪ್ಪನ್ನೇ ನಾವೂ ಮಾಡಿದ್ವಿ. ಮೆಮೋರಿಯಲ್ ಡೇ (ಮೇ ಕೊನೆಯ ಸೋಮವಾರದ ರಜೆ) ಲಾಂಗ್ ವೀಕೆಂಡು, ಶನಿವಾರ, ನಾಲ್ಕು ಮನೆಯವರು ಮೂರು ಕಾರು, ಒಬ್ಬರು ಪುಳಿಯೋಗರೆ ತರೋದು ಇನ್ನೊಬ್ಬರು ಚಪಾತಿ ಪಲ್ಯ ಅಂತ ಹಂಚ್ಕೊಂಡು, ಒಬ್ಬರಿಗೊಬ್ಬರು ಕಾದು ಕಾದು ಹೊರಡೋಷ್ಟರಲ್ಲಿ ಹನ್ನೊಂದು ಗಂಟೆ, ಗೇಟ್ ಮುಟ್ಟಿದಾಗ ಒಂದು ಗಂಟೆ ಬಿಸಿಲು, ಅಲ್ಲಿ ನೋಡಿದ್ರೆ ಪಾರ್ಕ್ ಫುಲ್ ಅಂತ ಬೋರ್ಡು. ರಿಸರ್ವೇಶನ್ ಇದ್ಯಾ ಅಂದ್ರು, ಪಾರ್ಕಿಗೂ ರಿಸರ್ವೇಶನ್ ಮಾಡ್ತಾರಾ ಅಂತ ನಾವು. ಕೊನೆಗೆ ಒಂದು ಗ್ಯಾಸ್ ಸ್ಟೇಷನ್ ಪಕ್ಕದ ನೆರಳಲ್ಲಿ ನಿಂತ್ಕೊಂಡೇ ಪುಳಿಯೋಗರೆ ತಿಂದು ವಾಪಸ್ ಬಂದ್ವಿ, ಮಕ್ಕಳು ಸ್ವಿಮ್ಮಿಂಗ್ ಡ್ರೆಸ್ಸಲ್ಲೇ ಕಾರಲ್ಲಿ ನಿದ್ದೆ ಹೋಗಿದ್ರು.

ಆಮೇಲೆ ಎಷ್ಟೋ ಸಲ ಹೋಗಿದೀನಿ. ಈಗ ಹೊಸದಾಗಿ ಬಂದವರು ಯಾರಾದ್ರೂ "ಜನ ಇಲ್ದಿರೋ ಸೀಕ್ರೆಟ್ ಜಾಗ ಯಾವ್ದಾದ್ರೂ ಹೇಳಿ ಗುರು" ಅಂತ ಕೇಳಿದ್ರೆ ನಗು ಬರತ್ತೆ. ಫೋನ್ ಇರೋ ಕಾಲದಲ್ಲಿ ಸೀಕ್ರೆಟ್ ಜಾಗ ಅಂತ ಯಾವ್ದೂ ಉಳಿದಿಲ್ಲ, ಇರೋದು ಸೀಕ್ರೆಟ್ ಟೈಮು ಅಷ್ಟೇ. ಶನಿವಾರ ಮಧ್ಯಾಹ್ನ ಜಾತ್ರೆ ಥರ ಇರೋ ಅದೇ ಹೊಳೆ ದಂಡೆ, ಸೆಪ್ಟೆಂಬರ್ ಮಂಗಳವಾರ ಬೆಳಗ್ಗೆ ಎಂಟೂವರೆಗೆ ಹೋದ್ರೆ ನಿಮ್ದೇ. ಒಂದು ಬಕ (ಕೊಕ್ಕರೆ ಅನ್ನಿ) ಒಂಟಿ ಕಾಲಲ್ಲಿ ನಿಂತಿರತ್ತೆ, ಸೈಪ್ರೆಸ್ ಮರದ ಬೇರಿನ ಪಕ್ಕ ನೀರಿನ ಸದ್ದು, ಅಷ್ಟೇ.

ಮೊದಲು ಬುಕಿಂಗ್ ವಿಷಯ ಮುಗಿಸಿಬಿಡ್ತೀನಿ, ಅದು ಬೋರಿಂಗು ಆದ್ರೆ ಅದಿಲ್ದೆ ಮುಂದಿನದ್ಯಾವ್ದೂ ಇಲ್ಲ. ಟೆಕ್ಸಾಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಡಿಪಾರ್ಟ್‌ಮೆಂಟಿನ ವೆಬ್‌ಸೈಟಲ್ಲಿ ಡೇ ಪಾಸ್ ಅಂತ ಇರತ್ತೆ, 30 ದಿನ ಮುಂಚೇನೇ ತಗೋಬಹುದು. ಕ್ಯಾಂಪ್ ಸೈಟ್ ಆದ್ರೆ 5 ತಿಂಗಳು ಮುಂಚೆ ಓಪನ್ ಆಗತ್ತೆ, ಬೇಸಿಗೆ ವೀಕೆಂಡ್ ಬೇಕಂದ್ರೆ ಆವತ್ತೇ ಕೂತು ಬುಕ್ ಮಾಡ್ಬೇಕು, ನಮ್ಮೂರಲ್ಲಿ ತತ್ಕಾಲ್ ಟಿಕೆಟ್ ಹೊಡೀತಿದ್ವಲ್ಲ ಹಾಗೇ. ವರ್ಷದ ಪಾಸ್ ಒಂದಿದೆ, ನಾನು ತಗೊಂಡಾಗ 70 ಡಾಲರ್, ಅದಿದ್ರೆ ನಿಮ್ಮ ಕಾರಲ್ಲಿ ಕೂತವರಿಗೆಲ್ಲ ಎಂಟ್ರಿ ಫ್ರೀ, ಊರಿಂದ ಅಪ್ಪ ಅಮ್ಮ ಬಂದಾಗ ಎರಡು ಮೂರು ಟ್ರಿಪ್ಪಲ್ಲೇ ದುಡ್ಡು ವಸೂಲಿ. ಆದ್ರೆ ಪಾಸ್ ಇದೆ ಅಂತ ಧೈರ್ಯವಾಗಿ ಹಾಗೇ ಹೋಗ್ಬೇಡಿ, ಪಾಸ್ ಇದ್ರೂ ಆ ದಿನದ ಜಾಗ ರಿಸರ್ವ್ ಮಾಡ್ಕೊಂಡೇ ಹೋಗಿ, ದುಡ್ಡು ಮಾತ್ರ ಕೇಳಲ್ಲ. 12 ವರ್ಷದವರೆಗಿನ ಮಕ್ಕಳಿಗೆ ಎಂಟ್ರಿ ಟಿಕೆಟ್ ಇಲ್ಲ. ಹೋಗೋಕಾಗ್ಲಿಲ್ಲ ಅಂದ್ರೆ ದಯವಿಟ್ಟು ಕ್ಯಾನ್ಸಲ್ ಮಾಡಿ, ಯಾರೋ ಒಬ್ಬರು ಮಕ್ಕಳನ್ನ ಕಟ್ಕೊಂಡು ಗೇಟಲ್ಲಿ ನಿಂತಿರ್ತಾರೆ.

ಟೈಮಿಂಗಿಗೆ ಬರೋಣ. ಇಲ್ಲಿ ಸ್ಕೂಲುಗಳು ಆಗಸ್ಟ್ ಮಧ್ಯದಲ್ಲೇ ಶುರು ಆಗತ್ತೆ, ಆದ್ರೆ ಬಿಸಿಲು ಮಾತ್ರ ಅಕ್ಟೋಬರ್ ತನಕ ಹೋಗಲ್ಲ. ಅಂದ್ರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ನೀರು ಬೆಚ್ಚಗೇ ಇರತ್ತೆ, ಜನ ಇರಲ್ಲ. ವೀಕ್‌ಡೇ ಒಂದು ರಜೆ ಹಾಕಿ. ರಜೆ ಇಲ್ಲ ಅಂದ್ರೆ ಭಾನುವಾರ ಬೆಳಗ್ಗೆ ಗೇಟ್ ತೆಗೆಯೋ ಹೊತ್ತಿಗೆ ಹೋಗಿ ಹನ್ನೊಂದೂವರೆಗೆ ಎದ್ದು ಬಂದುಬಿಡಿ, ಅಷ್ಟರಲ್ಲಿ ಕೂಲರ್ ಎಳ್ಕೊಂಡು ಬರೋರ ಸಾಲು ಶುರುವಾಗಿರತ್ತೆ. ಇನ್ನೊಂದು ದಾರಿ ಕ್ಯಾಂಪಿಂಗು. ಟೆಂಟ್ ಹಾಕಿ ರಾತ್ರಿ ಉಳ್ಕೊಂಡವರಿಗೆ ಬೆಳಗ್ಗೆ ಡೇ ಪಾಸಿನವರು ಬರೋ ಮುಂಚೆ ಆ ಒಂದೂವರೆ ಎರಡು ಗಂಟೆ ಸಿಗತ್ತೆ ನೋಡಿ, ಅದಕ್ಕೆ ಬೆಲೆ ಕಟ್ಟೋಕಾಗಲ್ಲ. ಇದೇ ಕಾರಣಕ್ಕೆ ನಾನು ಟೆಂಟ್ ತಗೊಂಡಿದ್ದು, ಇಲ್ಲಾಂದ್ರೆ ನೆಲದ ಮೇಲೆ ಮಲಗೋ ಖುಷಿ ನನಗೇನೂ ಇಲ್ಲ.

ಯಾವ ಪಾರ್ಕು ಅನ್ನೋದು ನಿಮ್ಮ ಜೊತೆ ಯಾರಿದಾರೆ ಅನ್ನೋದರ ಮೇಲೆ.

ಊರಿಂದ ಅಪ್ಪ ಅಮ್ಮ ಬಂದಿದ್ರೆ, ಚಿಕ್ಕ ಮಕ್ಕಳಿದ್ರೆ ಕಣ್ಣು ಮುಚ್ಕೊಂಡು ಬ್ಲಾಂಕೋ. ಆಸ್ಟಿನ್ನಿಂದ ಒಂದು ಗಂಟೆ ಡ್ರೈವು, ಪಾರ್ಕು ಚಿಕ್ಕದು, ಸುಮಾರು 100 ಎಕರೆ, ಊರಿನ ಮಗ್ಗುಲಲ್ಲೇ ಬ್ಲಾಂಕೋ ಹೊಳೆ ಒಂದು ಮೈಲಿ ಉದ್ದ ಪಾರ್ಕೊಳಗೆ ಹರಿಯತ್ತೆ. ಕಾರು ನಿಲ್ಸಿದ ಜಾಗದಿಂದ ನೀರಿಗೆ ನಾಲ್ಕು ಹೆಜ್ಜೆ, ಮಂಡಿ ನೋವಿರೋರಿಗೆ ಇದು ದೊಡ್ಡ ವಿಷಯ. ಹೊಳೆಗೆ ಅಡ್ಡ ಗಿಡ್ಡ ಅಣೆಕಟ್ಟು ಕಟ್ಟಿರೋದ್ರಿಂದ ನೀರು ಕೊಳದ ಥರ ನಿಲ್ಲತ್ತೆ, ಮಕ್ಕಳಿಗೆ ಅಂತಾನೇ ಕಲ್ಲಲ್ಲಿ ಕಟ್ಟಿದ ಆಳ ಇಲ್ಲದ ಒಂದು ಕೊಳವೂ ಇದೆ. ಇದನ್ನೆಲ್ಲ ಕಟ್ಟಿದ್ದು ಸಿವಿಲಿಯನ್ ಕನ್ಸರ್ವೇಶನ್ ಕೋರ್ ಹುಡುಗರು, 1930ರ ದಶಕದಲ್ಲಿ. ಆರ್ಥಿಕ ಕುಸಿತ ಆಗಿ ಕೆಲಸ ಇಲ್ಲದೆ ಕೂತಿದ್ದ ಹುಡುಗರನ್ನ ರೂಸ್‌ವೆಲ್ಟ್ ಸರ್ಕಾರ ಸೇರಿಸ್ಕೊಂಡು ಕಲ್ಲು ಕೆಲಸ, ಗಿಡ ನೆಡೋ ಕೆಲಸ ಕೊಡ್ತು, ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ 25 ಸೀದಾ ಮನೆಗೆ ಹೋಗ್ತಿತ್ತು. ನಮ್ಮಪ್ಪ ಇದನ್ನ ಕೇಳಿ ಆ ಕಲ್ಲಿನ ಮೆಟ್ಟಿಲು ಮುಟ್ಟಿ ನೋಡಿ "ಚೆನ್ನಾಗಿ ಕಟ್ಟಿದಾರೆ ಕಣೋ, ಸಂದು ನೋಡು ಹೆಂಗೆ ಕೂತಿದೆ" ಅಂದ್ರು, ಅವರಿಗೆ ಹೊಳೆಗಿಂತ ಅದೇ ಇಷ್ಟ ಆಯ್ತು. ಅಮ್ಮ ಸೀರೆ ಸ್ವಲ್ಪ ಎತ್ಕೊಂಡು ಮಂಡಿವರೆಗೆ ಇಳಿದು ಮೂರು ಬೊಗಸೆ ನೀರು ತಲೆ ಮೇಲೆ ಹಾಕ್ಕೊಂಡು, ಗಂಗೆ ಯಮುನೆ ಕಾವೇರಿ ಎಲ್ಲ ಕರೆದಾದ್ಮೇಲೆ "ಈ ಹೊಳೆ ಹೆಸರೇನಂದೆ?" ಅಂತ ಕೇಳಿದ್ರು. ಬ್ಲಾಂಕೋ ಅಂದೆ. ಅದನ್ನೂ ಸೇರಿಸಿದ್ರು.

ಸ್ವಲ್ಪ ಈಜು ಬರತ್ತೆ, ಆಳ ನೀರು ಬೇಕು ಅನ್ನೋರಿಗೆ ಇಂಕ್ಸ್ ಲೇಕ್, ಬರ್ನೆಟ್ ಹತ್ರ. ಕೊಲೊರಾಡೋ ನದಿಗೆ ಡ್ಯಾಮ್ ಕಟ್ಟಿ ಮಾಡಿರೋ ಸಾಲು ಕೆರೆಗಳಲ್ಲಿ ಇದೂ ಒಂದು (ಈ ಕೊಲೊರಾಡೋ ಟೆಕ್ಸಾಸಿಂದು, ಗ್ರ್ಯಾಂಡ್ ಕ್ಯಾನ್ಯನ್‌ದಲ್ಲ, ನಾನೂ ಕನ್‌ಫ್ಯೂಸ್ ಆಗಿದ್ದೆ). ಇದರ ದೊಡ್ಡ ಗುಣ ಏನಂದ್ರೆ ಬರಗಾಲದಲ್ಲೂ ನೀರಿನ ಮಟ್ಟ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ, ಹೊಳೆಗಳೆಲ್ಲ ಸೊರಗಿದ ವರ್ಷ ನಾವು ಇಲ್ಲಿಗೇ ಹೋಗಿದ್ದು. ಒಂದು ತುದೀಲಿ ಡೆವಿಲ್ಸ್ ವಾಟರ್‌ಹೋಲ್ ಅಂತ ಬಂಡೆಗಳ ಮಧ್ಯದ ಕೊಲ್ಲಿ, ಕಾಲೇಜ್ ಹುಡುಗರು ಮೇಲಿಂದ ಧುಮುಕ್ತಾ ಇರ್ತಾರೆ. ನೀವು ಧುಮುಕಬೇಡಿ ಅಂತ ಹೇಳಿದ್ರೆ ಕೇಳಲ್ಲ ಅಂತ ಗೊತ್ತು, ಅಟ್‌ಲೀಸ್ಟ್ ಕೆಳಗಡೆ ಬಂಡೆ ಎಲ್ಲಿದೆ ಅಂತ ಮೊದಲು ನೀರಲ್ಲಿ ಇಳಿದು ನೋಡಿ. ನಮ್ಮ ಲೆಕ್ಕ ಬೇರೆ. ಬೆಳಗ್ಗೆ ಬೇಗ ಪಾರ್ಕ್ ಸ್ಟೋರಲ್ಲಿ ಕಯಾಕ್ ಬಾಡಿಗೆಗೆ ತಗೊಂಡು ನಿಧಾನ ಹುಟ್ಟು ಹಾಕ್ಕೊಂಡು ಆ ಕೊಲ್ಲಿ ಒಳಗೆ ಹೋಗೋದು, ಧುಮುಕೋ ಹುಡುಗರೆಲ್ಲ ಇನ್ನೂ ಮಲಗಿರ್ತಾರೆ, ನೀರು ಕನ್ನಡಿ ಥರ ಇರತ್ತೆ. ಅಲ್ಲಿನ ಗುಲಾಬಿ ಬಂಡೆ ನೋಡಿ ಗ್ರಾನೈಟ್ ಅಂದ್ಕೋತಾರೆ, ಅದು ನೈಸ್ (gneiss, ಶಾಖ ಒತ್ತಡಕ್ಕೆ ರೂಪ ಬದಲಾದ ಕಲ್ಲು) ಶಿಲೆ, ನೂರು ಕೋಟಿ ವರ್ಷಕ್ಕೂ ಹಳೇದು. ನಮ್ಮ ಲಾಲ್‌ಬಾಗ್ ಬಂಡೆನೂ ನೈಸೇ, ಅದು ಸುಮಾರು ಮುನ್ನೂರು ಕೋಟಿ ವರ್ಷದ್ದು. ಅಂದ್ರೆ ವಯಸ್ಸಲ್ಲಿ ನಮ್ಮದೇ ದೊಡ್ಡದು, ಇಲ್ಲಿ ಫ್ರೆಂಡ್ಸ್ ಮುಂದೆ ಹೇಳ್ಕೊಳ್ಳೋಕೆ ಒಂದು ಪಾಯಿಂಟು.

ಪೆಡರ್ನಾಲಿಸ್ ಫಾಲ್ಸಿಗೆ ಹೋಗೋರು ಒಂದು ಗೊತ್ತಿಟ್ಕೊಳ್ಳಿ, ಫಾಲ್ಸ್ ಹತ್ರ ಈಜೋ ಹಾಗಿಲ್ಲ. ಸುಣ್ಣದ ಕಲ್ಲಿನ ಮೆಟ್ಟಿಲಿನ ಥರ ಇಳೀತಾ ಹೋಗೋ ಫಾಲ್ಸು, ನೋಡೋಕೆ ಚೆಂದ, ಫೋಟೋ ಹೊಡ್ಕೊಂಡು ಬನ್ನಿ. ಈಜೋ ಜಾಗ ಕೆಳಗಡೆ ಬೇರೆ ಇದೆ, ಪಾರ್ಕಿಂಗಿಂದ ಇಳಿಜಾರು ದಾರೀಲಿ ನಡ್ಕೊಂಡು ಹೋಗ್ಬೇಕು, ವಾಪಸ್ ಬರ್ತಾ ಅದೇ ಏರು ಅನ್ನೋದು ಮರೀಬೇಡಿ, ಮಧ್ಯಾಹ್ನದ ಬಿಸಿಲಲ್ಲಿ ಒದ್ದೆ ಮಗೂನ ಎತ್ಕೊಂಡು ಕೂಲರ್ ಎಳ್ಕೊಂಡು ಹತ್ತಿದವರಿಗೇ ಗೊತ್ತು. ಆದ್ರೆ ಈ ನಡಿಗೆಯೇ ಜನಾನ ಜರಡಿ ಹಿಡಿಯತ್ತೆ. ಇಳಿದ ಜಾಗದಲ್ಲೇ ಎಲ್ಲರೂ ಚಾಪೆ ಹಾಸ್ತಾರೆ, ಮರಳಲ್ಲಿ ಇನ್ನೊಂದು ಐದು ಹತ್ತು ನಿಮಿಷ ದಂಡೆ ಹಿಡ್ಕೊಂಡು ನಡೀರಿ, ಮಾತು ಕೇಳೋದು ನಿಂತುಹೋಗತ್ತೆ. ಈ ಸೂತ್ರ ಎಲ್ಲಾ ಪಾರ್ಕಿಗೂ ನಡೆಯತ್ತೆ, ಪಾರ್ಕಿಂಗ್ ಲಾಟಿಂದ ಅರ್ಧ ಮೈಲಿ ದೂರ ಹೋದ್ರೆ ಮುಕ್ಕಾಲು ಜನ ಕಮ್ಮಿ.

ಗ್ವಾಡಲೂಪ್ ರಿವರ್ ಸ್ಟೇಟ್ ಪಾರ್ಕ್ ಸ್ಯಾನ್ ಆಂಟೋನಿಯೋ ಕಡೆಯವರಿಗೆ ಹತ್ರ, ನಾಲ್ಕು ಮೈಲಿ ಹೊಳೆ ಇದೆ, ಟ್ಯೂಬಲ್ಲಿ ಕೂತು ತೇಲೋಕೆ ಚೆನ್ನಾಗಿದೆ. ಗಾರ್ನರ್ ಸ್ಟೇಟ್ ಪಾರ್ಕ್ ಅಂತೂ ಟೆಕ್ಸಾಸ್‌ನವರಿಗೆ ತವರುಮನೆ ಥರ, ಫ್ರಿಯೋ ನದಿ, ಸ್ಪ್ಯಾನಿಶಲ್ಲಿ ಫ್ರಿಯೋ ಅಂದ್ರೆ ತಣ್ಣಗಿರೋದು ಅಂತ, ಹೆಸರಿಗೆ ತಕ್ಕ ಹಾಗೆ ಆಗಸ್ಟಲ್ಲೂ ಕಾಲಿಟ್ರೆ ಜುಮ್ ಅನ್ನತ್ತೆ. ಬೇಸಿಗೆ ರಾತ್ರಿ ಅಲ್ಲಿ ಜೂಕ್‌ಬಾಕ್ಸ್ ಹಾಕಿ ಡ್ಯಾನ್ಸ್ ಮಾಡ್ತಾರೆ, 1940ರ ದಶಕದಿಂದ ನಡ್ಕೊಂಡು ಬಂದಿರೋದು. ರಾತ್ರಿ ಕುಣಿದವರು ಬೆಳಗ್ಗೆ ಏಳಲ್ಲ, ಅದೇ ನಿಮ್ಮ ಚಾನ್ಸು.

ಇನ್ನು ಬಾಲ್ಮೊರಿಯಾ. ಆಸ್ಟಿನ್ನಿಂದ ಆರು ಗಂಟೆ ಪಶ್ಚಿಮಕ್ಕೆ, ಎರಡೂ ಕಡೆ ಏನೂ ಇಲ್ಲ, ಮರುಭೂಮಿ, ಆಯಿಲ್ ಪಂಪುಗಳು. ನಮ್ಮನೆಯವಳು ಫೋರ್ಟ್ ಸ್ಟಾಕ್‌ಟನ್ ದಾಟಿದ ಮೇಲೂ "ಇಷ್ಟು ದೂರ ಬಂದು ಸ್ವಿಮ್ಮಿಂಗ್ ಪೂಲಾ?" ಅಂತಿದ್ಲು. ಹೋಗಿ ನೋಡಿದ್ರೆ ಅದು ಪೂಲ್ ಅಲ್ಲ, ನೆಲದಿಂದ ಉಕ್ಕೋ ಬುಗ್ಗೆ. ಸ್ಯಾನ್ ಸಾಲೊಮನ್ ಸ್ಪ್ರಿಂಗ್ಸ್, ದಿನಕ್ಕೆ ಸುಮಾರು 1.5 ಕೋಟಿ ಗ್ಯಾಲನ್ ನೀರು ಬರತ್ತೆ, ಅದರ ಸುತ್ತ ಅದೇ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಹುಡುಗರು ಗೋಡೆ ಕಟ್ಟಿದಾರೆ, ಎಕರೆಗೂ ಜಾಸ್ತಿ ಅಗಲ, ಕೆಲವು ಕಡೆ 25 ಅಡಿ ಆಳ. ನಮ್ಮ ಕಡೆ ಕಲ್ಯಾಣಿ ಇರತ್ತಲ್ಲ, ಅದನ್ನೇ ಹತ್ತು ಪಟ್ಟು ದೊಡ್ಡದು ಮಾಡಿ ತಳದಲ್ಲಿ ಜೀವಂತ ಸೆಲೆ ಇಟ್ಟ ಹಾಗೆ. ವರ್ಷ ಪೂರ್ತಿ ನೀರು 72ರಿಂದ 76 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 22–24 ಸೆಲ್ಸಿಯಸ್. ನೀರೆಷ್ಟು ತಿಳಿ ಅಂದ್ರೆ ಮೇಲೆ ತೇಲ್ತಾ ಇದ್ರೆ 20 ಅಡಿ ಕೆಳಗಿರೋ ಕಲ್ಲು, ಅದರ ಮೇಲೆ ಬಿದ್ದಿರೋ ನಿಮ್ಮದೇ ನೆರಳು ಕಾಣತ್ತೆ, ನನಗೆ ಮೊದಲ ಸಲ ತಲೆ ತಿರುಗಿದ ಹಾಗಾಯ್ತು. ಕೊಮ್ಯಾಂಚಿ ಸ್ಪ್ರಿಂಗ್ಸ್ ಪಪ್‌ಫಿಶ್ ಅಂತ ಒಂದು ಪುಟ್ಟ ಮೀನಿದೆ, ಅಳಿವಿನಂಚಲ್ಲಿರೋದು, ಅದು ಇಲ್ಲಿ ಕಾಲ ಹತ್ರಾನೇ ಓಡಾಡತ್ತೆ. ಸನ್‌ಸ್ಕ್ರೀನ್ ಬಳ್ಕೊಂಡು ಇಳಿಯೋ ಬದಲು ಉದ್ದ ತೋಳಿನ ಸ್ವಿಮ್ ಶರ್ಟ್ ಹಾಕ್ಕೊಳ್ಳಿ, ಮೀನಿಗೂ ಒಳ್ಳೇದು. ಬಾಲ್ಮೊರಿಯಾದ ಗುಟ್ಟು ಚಳಿಗಾಲ. ಡಿಸೆಂಬರ್ ರಜೇಲಿ ಬಿಗ್ ಬೆಂಡ್ ನ್ಯಾಷನಲ್ ಪಾರ್ಕಿಗೆ ಹೋಗೋರು ಒಂದು ಬೆಳಗ್ಗೆ ಇಲ್ಲಿ ನಿಲ್ಲಿ, ಹೊರಗೆ ಗಡಗಡ ಚಳಿ, ನೀರಿಂದ ಹಬೆ ಏಳ್ತಿರತ್ತೆ, ಇಳಿದ್ರೆ ಬೆಚ್ಚಗೆ, ಇಡೀ ಕಲ್ಯಾಣೀಲಿ ನೀವು ಮತ್ತೆ ಇಬ್ಬರು ಸ್ಕೂಬಾದವರು. ಹೊರಗೆ ಬರೋದು ಮಾತ್ರ ಕಷ್ಟ, ಟವಲ್ ಹಿಡ್ಕೊಂಡು ಒಬ್ಬರು ಮೆಟ್ಟಿಲ ಹತ್ರಾನೇ ನಿಂತಿರ್ಬೇಕು. ಹೊರಡೋ ಮುಂಚೆ ಪಾರ್ಕ್ ಪೇಜ್ ಒಂದ್ಸಲ ನೋಡಿ, 2018ರಲ್ಲಿ ಗೋಡೆ ಒಂದು ಭಾಗ ಕುಸಿದು ತಿಂಗಳುಗಟ್ಟಲೆ ಪೂಲ್ ಮುಚ್ಚಿದ್ರು. ಆರು ಗಂಟೆ ಡ್ರೈವ್ ಮಾಡಿ ಬೀಗ ನೋಡೋದು ಬೇಡ. ಚಳಿಗಾಲದಲ್ಲಿ ಹಿಲ್ ಕಂಟ್ರಿ (ಮಧ್ಯ ಟೆಕ್ಸಾಸಿನ ಗುಡ್ಡಗಾಡು) ಕಡೆ ಕೆಲವು ಪಾರ್ಕುಗಳನ್ನ ಜಿಂಕೆ ಬೇಟೆಗೆ ಅಂತ ಎರಡು ಮೂರು ದಿನ ಮುಚ್ತಾರೆ, ಅದೂ ಅದೇ ಪೇಜಲ್ಲಿ ಹಾಕಿರ್ತಾರೆ.

ಆಸ್ಟಿನ್ ಹತ್ರದ ಹೆಸರುವಾಸಿ ಈಜೋ ಜಾಗ ಹ್ಯಾಮಿಲ್ಟನ್ ಪೂಲ್ ಯಾಕೆ ಹೇಳಿಲ್ಲ ಅಂತೀರಾ? ಅದು ಸ್ಟೇಟ್ ಪಾರ್ಕೇ ಅಲ್ಲ, ಕೌಂಟಿದು, ಬಂಡೆ ಉದುರಿದ್ಮೇಲೆ ಈಜೋಕೆ ಬಿಡ್ತಾರೋ ಇಲ್ವೋ ಅಂತ ಆಯಾ ದಿನ ಕೇಳ್ಕೊಂಡು ಹೋಗ್ಬೇಕು.

ಈಗ ಸ್ವಲ್ಪ ಸೀರಿಯಸ್ಸಾಗಿ ಓದಿ. ಈ ಹಿಲ್ ಕಂಟ್ರಿ ಹೊಳೆಗಳು ನೋಡೋಕೆ ಸಾಧು, ಮಳೆ ಬಂದ್ರೆ ಬೇರೆಯೇ. ಮೇಲ್ಮಣ್ಣು ತೆಳ್ಳಗೆ, ಕೆಳಗೆ ಸುಣ್ಣದ ಕಲ್ಲು, ಕಡಿದಾದ ಗುಡ್ಡ, ಬಿದ್ದ ನೀರು ಇಂಗಲ್ಲ, ಎಲ್ಲಾ ಒಟ್ಟಿಗೆ ಹೊಳೆಗೆ ನುಗ್ಗತ್ತೆ. ಫ್ಲ್ಯಾಶ್ ಫ್ಲಡ್ ಆಲಿ (ದಿಢೀರ್ ಪ್ರವಾಹದ ಓಣಿ) ಅಂತಾನೇ ಕರೀತಾರೆ ಈ ಸೀಮೇನ. 2025ರ ಜುಲೈ 4ರ ಬೆಳಗಿನ ಜಾವ ಕೆರ್ ಕೌಂಟೀಲಿ ಗ್ವಾಡಲೂಪ್ ಮುಕ್ಕಾಲು ಗಂಟೇಲಿ ಸುಮಾರು 26 ಅಡಿ ಏರಿ 100ಕ್ಕೂ ಹೆಚ್ಚು ಜನ ಹೋದ್ರು, ಎಷ್ಟೋ ಮಕ್ಕಳು. ನಿಮ್ಮ ತಲೆ ಮೇಲೆ ಮಳೆ ಬರಬೇಕು ಅಂತಿಲ್ಲ, 30 ಮೈಲಿ ಮೇಲೆ ಬಿದ್ರೂ ಸಾಕು. ತಿಳಿ ನೀರು ಇದ್ದಕ್ಕಿದ್ದಂಗೆ ಕೆಂಪಗೆ ಕದಡಿದ್ರೆ, ಎಲೆ ಕಡ್ಡಿ ತೇಲ್ಕೊಂಡು ಬರೋಕೆ ಶುರುವಾದ್ರೆ, ಹೊಳೆ ಸದ್ದು ಬದಲಾದ್ರೆ ಚಾಪೆ ಕೂಲರ್ ಎಲ್ಲಾ ಅಲ್ಲೇ ಬಿಟ್ಟು ಮಕ್ಕಳನ್ನ ಎತ್ಕೊಂಡು ಮೇಲಕ್ಕೆ ಹತ್ತಿ, ಸಾಮಾನು ಕಟ್ಕೊಂಡು ಕೂರಬೇಡಿ.

ಇದಕ್ಕೆ ನಾನು ಹಿಂದಿನ ದಿನ ಮಾಡೋದು ಎರಡು ಕೆಲಸ. ಒಂದು, ನ್ಯಾಷನಲ್ ವೆದರ್ ಸರ್ವಿಸಲ್ಲಿ ಹೊಳೆಯ ಮೇಲ್ಭಾಗದ ಊರುಗಳ ಮಳೆ ನೋಡೋದು. ಎರಡು, ಯುಎಸ್‌ಜಿಎಸ್ (ಅಮೆರಿಕದ ಭೂವಿಜ್ಞಾನ ಇಲಾಖೆ) ಸೈಟಲ್ಲಿ ಹೊಳೆ ಗೇಜ್, ಅಂದ್ರೆ ನೀರು ಅಳೆಯೋ ಮಾಪಕ ನೋಡೋದು, ಗ್ವಾಡಲೂಪಿಗೆ ಸ್ಪ್ರಿಂಗ್ ಬ್ರಾಂಚ್, ಪೆಡರ್ನಾಲಿಸಿಗೆ ಜಾನ್ಸನ್ ಸಿಟಿ, ಫ್ರಿಯೋಗೆ ಕಾನ್‌ಕ್ಯಾನ್. ಅಲ್ಲಿ ಸಿಎಫ್‌ಎಸ್ ಅಂತ ಒಂದು ನಂಬರ್ ಇರತ್ತೆ, ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹೋಗ್ತಿದೆ ಅಂತ. ಹೊಸದೇನಲ್ಲ, ಕೆಆರ್‌ಎಸ್ ಒಳಹರಿವು ಇಷ್ಟು ಕ್ಯೂಸೆಕ್ ಅಂತ ಪೇಪರಲ್ಲಿ ಓದ್ತಿದ್ವಲ್ಲ ಅದೇ ಕ್ಯೂಸೆಕ್. ಗ್ವಾಡಲೂಪಲ್ಲಿ 100ರಿಂದ 250 ಇದ್ರೆ ಮಕ್ಕಳನ್ನ ಕರ್ಕೊಂಡು ಟ್ಯೂಬ್ ಹಾಕ್ತೀನಿ, 30–40 ಇದ್ರೆ ಟ್ಯೂಬ್ ನೀವೇ ಹೊತ್ಕೊಂಡು ನಡೀಬೇಕು, 400 ದಾಟಿದ್ರೆ ಮಕ್ಕಳ ಜೊತೆ ನಾನು ಹೋಗಲ್ಲ. ಇದು ನನ್ನ ಲೆಕ್ಕ, ನಿಮ್ಮ ಮಕ್ಕಳ ಈಜು ನೋಡ್ಕೊಂಡು ಇನ್ನೂ ಕಮ್ಮಿ ಇಟ್ಕೊಳ್ಳಿ. ಮತ್ತೆ ಗ್ರಾಫ್ ಸೀದಾ ಗೆರೆ ಥರ ಇರ್ಬೇಕು, ಮೇಲೆ ಹೋಗ್ತಿದ್ರೆ ನಂಬರ್ ಎಷ್ಟಿದ್ರೂ ಬೇಡ. ಜೋರು ಮಳೆ ಆದ ಮೇಲೆ ಮೂರು ದಿನ ಬಿಟ್ಟು ಹೋಗೋದು ವಾಸಿ, ಊರಿನ ಕೊಳೆ ಎಲ್ಲ ಕೊಚ್ಕೊಂಡು ಬಂದಿರತ್ತೆ, ಆಸ್ಟಿನ್ ಒಳಗಿರೋ ಮೆಕಿನ್ನಿ ಫಾಲ್ಸಿಗಂತೂ ಇದು ಕಡ್ಡಾಯ ಅಂತ ಇಟ್ಕೊಳ್ಳಿ.

ಲೈಫ್‌ಗಾರ್ಡ್ ಇರ್ತಾರೆ ಅಂದ್ಕೋಬೇಡಿ, ಈ ಪಾರ್ಕುಗಳಲ್ಲಿ ಇರಲ್ಲ. ನಮ್ಮ ಗುಂಪಲ್ಲಿ ಅರ್ಧ ಜನಕ್ಕೆ ಈಜು ಬರಲ್ಲ, ಅದನ್ನ ಒಪ್ಕೊಳ್ಳೋಕೆ ನಾಚಿಕೆ ಬೇರೆ. ಅಪ್ಪ ಚಿಕ್ಕೋರಿದ್ದಾಗ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಬಾವಿಗೆ ತಳ್ತಿದ್ರಂತೆ, ಮೇಲೆ ಹಗ್ಗ ಹಿಡ್ಕೊಂಡು ದೊಡ್ಡಪ್ಪ. ಈಗ ಬುರುಡೆ ಜಾಗದಲ್ಲಿ ಲೈಫ್ ಜಾಕೆಟ್ಟು, ಕೋಸ್ಟ್ ಗಾರ್ಡ್ ಅಪ್ರೂವ್ಡ್ ಅಂತ ಒಳಗಡೆ ಲೇಬಲ್ ಇರೋದು. ಗಾಳಿ ತುಂಬೋ ಬಾತುಕೋಳಿ, ಯೂನಿಕಾರ್ನ್ ಆಟಕ್ಕೆ ಸರಿ, ಜೀವಕ್ಕೆ ಅಲ್ಲ. ಸುಮಾರು ಪಾರ್ಕುಗಳಲ್ಲಿ ಲೈಫ್ ಜಾಕೆಟ್ ಎರವಲು ಕೊಡ್ತಾರೆ, ಆಫೀಸಲ್ಲಿ ಕೇಳಿ. ಕಯಾಕಲ್ಲಿ 13 ವರ್ಷದ ಒಳಗಿನ ಮಕ್ಕಳು ಹಾಕ್ಕೊಳ್ಳೇಬೇಕು, ಕಾನೂನು. ಮತ್ತೆ ದೊಡ್ಡವರು ಎಂಟು ಜನ ಇದ್ದಾಗ್ಲೇ ಯಾರೂ ಮಕ್ಕಳನ್ನ ನೋಡಲ್ಲ, ಎಲ್ಲರೂ ಇನ್ನೊಬ್ಬರು ನೋಡ್ತಿದಾರೆ ಅಂದ್ಕೋತಾರೆ. ನಾವು ಒಂದು ಕೆಂಪು ಟೋಪಿ ಇಟ್ಕೊಂಡಿದೀವಿ, ಟೋಪಿ ಹಾಕಿದವರಿಗೆ ಫೋನೂ ಇಲ್ಲ ಹರಟೆಯೂ ಇಲ್ಲ, 20 ನಿಮಿಷ ಆದ್ಮೇಲೆ ಇನ್ನೊಬ್ಬರ ತಲೆಗೆ.

ಕಾಲಿಗೆ ವಾಟರ್ ಶೂಸ್ ಬೇಕೇ ಬೇಕು, ಹವಾಯಿ ಚಪ್ಪಲಿ ಅಲ್ಲ. ಸುಣ್ಣದ ಕಲ್ಲಿನ ಮೇಲೆ ಪಾಚಿ ಅಂದ್ರೆ ಎಣ್ಣೆ ಸವರಿದ ಕಾವಲಿ ಇದ್ದ ಹಾಗೆ. ಜೀನ್ಸ್, ಚೂಡಿದಾರದ ದುಪಟ್ಟಾ ಹಾಕ್ಕೊಂಡು ಸೊಂಟದ ಮೇಲಿನ ನೀರಿಗೆ ಇಳೀಬೇಡಿ, ನೆಂದ್ರೆ ಕಲ್ಲಿನ ಥರ ಎಳೆಯತ್ತೆ. ಸುಡು ಬೇಸಿಗೇಲಿ ನಿಂತ ಬೆಚ್ಚನೆ ನೀರಲ್ಲಿ ಮೆದುಳಿಗೆ ಹೋಗೋ ಅಮೀಬಾ ಇರಬಹುದು, ಇಡೀ ದೇಶದಲ್ಲಿ ವರ್ಷಕ್ಕೆ 10ಕ್ಕಿಂತ ಕಮ್ಮಿ ಕೇಸು, ಆದ್ರೆ ಬಂದ್ರೆ ಉಳಿಯೋದು ಅಪರೂಪ. ಮೂಗಿಂದ ಹೋಗೋದು ಅದು, ಮಕ್ಕಳಿಗೆ ನೋಸ್ ಕ್ಲಿಪ್ ಹಾಕಿ, ತಳದ ಕೆಸರು ಕೆದಕೋಕೆ ಬಿಡಬೇಡಿ. ದಂಡೇಲಿ ಮೂರೆಲೆ ಬಳ್ಳಿ ಕಂಡ್ರೆ ಮುಟ್ಟಬೇಡಿ, ಪಾಯ್ಸನ್ ಐವಿ, ಎರಡು ವಾರ ಕೆರ್ಕೊಂಡು ಕೂರ್ತೀರ. ಚಾಪೆ ಹಾಸೋ ಮುಂಚೆ ಕೆಂಪಿರುವೆ ಗೂಡಿದ್ಯಾ ನೋಡಿ.

ಊಟ ನಮ್ಮ ಸ್ಟ್ರಾಂಗ್ ಪಾಯಿಂಟು. ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಹೊರಗಿದ್ರೂ ನಡೆಯತ್ತೆ, ಮೊಸರನ್ನ ಐಸ್ ಮೇಲೆ ಇಡಿ, ಹಾಲು ಜಾಸ್ತಿ ಮೊಸರು ಕಮ್ಮಿ ಹಾಕಿ ಕಲಸಿದ್ರೆ ಮಧ್ಯಾಹ್ನಕ್ಕೆ ಸರಿಯಾಗಿ ಹದ ಬಂದಿರತ್ತೆ. ಎರಡು ಗಂಟೆ ನೀರಲ್ಲಿದ್ದು ಮೇಲೆ ಬಂದಾಗ ತಣ್ಣನೆ ಮೊಸರನ್ನ ಮಾವಿನಕಾಯಿ ಉಪ್ಪಿನಕಾಯಿ ತಿಂದು ನೋಡಿ. ಗ್ರಿಲ್ ಮಾಡೋ ಪ್ಲಾನಿದ್ರೆ ಬರ್ನ್ ಬ್ಯಾನ್ (ಬೆಂಕಿ ಹಚ್ಚೋಕೆ ನಿಷೇಧ) ಇದ್ಯಾ ಅಂತ ಮೊದಲು ನೋಡ್ಕೊಳ್ಳಿ. ಬಿಯರ್ ತಗೊಂಡು ಹೋಗ್ಬೇಡಿ, ಸ್ಟೇಟ್ ಪಾರ್ಕಿನ ಸಾರ್ವಜನಿಕ ಜಾಗದಲ್ಲಿ ಕುಡಿಯೋದಿರ್ಲಿ, ಬಾಟ್ಲಿ ಕಾಣೋ ಹಾಗೂ ಇಲ್ಲ. ಗಾಜಿನ ಉಪ್ಪಿನಕಾಯಿ ಬಾಟ್ಲಿಯೂ ಬೇಡ, ಬರಿಗಾಲ ಜಾಗ ಅದು, ಡಬ್ಬಿಗೆ ಹಾಕ್ಕೊಂಡು ಹೋಗಿ. ಬ್ಲೂಟೂತ್ ಸ್ಪೀಕರ್ ಮನೇಲೇ ಇರಲಿ. ನಮ್ಮವರದ್ದೇ ಒಂದು ದೊಡ್ಡ ಗ್ಯಾಂಗು ಒಂದ್ಸಲ ಪಕ್ಕದಲ್ಲಿ ಫುಲ್ ವಾಲ್ಯೂಮಲ್ಲಿ ಕನ್ನಡ ಹಾಡು ಹಾಕಿದ್ರು, ಹಾಡು ನನಗೂ ಇಷ್ಟದ್ದೇ, ಆದ್ರೂ ಎದ್ದು ಬೇರೆ ಕಡೆ ಹೋಗಿ ಕೂತೆ. ರಾತ್ರಿ 10ರಿಂದ ಬೆಳಗ್ಗೆ 6 ಕ್ವೈಟ್ ಅವರ್ಸ್, ಟೆಂಟಲ್ಲಿ ಅಂತ್ಯಾಕ್ಷರಿ ಆಡೋರು ಹತ್ತಕ್ಕೆ ಮುಗಿಸಿ.

ಕಸದ ಚೀಲ ಎರಡು ಹಿಡ್ಕೊಂಡು ಹೋಗಿ, ಒಂದು ನಿಮ್ಮ ಕಸಕ್ಕೆ, ಒಂದು ಒದ್ದೆ ಬಟ್ಟೆಗೆ. ಸೀಟ್ ಮೇಲೆ ಹಾಸೋಕೆ ಹಳೇ ಬೆಡ್‌ಶೀಟ್ ಡಿಕ್ಕೀಲಿ ಇಟ್ಟಿರಿ. ಫ್ಲಾಸ್ಕಲ್ಲಿ ಕಾಫಿ ಬೆಳಗ್ಗೆಗೆ ಒಂದು ಲೋಟ ಕುಡಿದು ಉಳಿದಿದ್ದನ್ನ ಹೊರಡೋವಾಗಿಗೆ ಇಟ್ಕೊಳ್ಳಿ, ಈಜಿ ಉಂಡು ಮಧ್ಯಾಹ್ನ ಡ್ರೈವ್ ಮಾಡ್ತಾ ಬರೋ ನಿದ್ದೆ ಸಾಮಾನ್ಯದ್ದಲ್ಲ. ಹನ್ನೆರಡಕ್ಕೆ ನೀವು ಗೇಟಿಂದ ಹೊರಗೆ ಬರ್ತಿರ್ಬೇಕಾದ್ರೆ ಎದುರುಗಡೆ ಕಾರುಗಳ ಸಾಲಲ್ಲಿ ಮೂರು ಕಾರು ನಾಲ್ಕು ಮನೆಯವರು ಖಂಡಿತ ಸಿಗ್ತಾರೆ, ಡ್ಯಾಶ್‌ಬೋರ್ಡಲ್ಲಿ ಗಣೇಶ ಕೂತಿರ್ತಾನೆ. ಕಿಟಕಿ ಇಳಿಸಿ ರಿಸರ್ವೇಶನ್ ಇದ್ಯಾ ಅಂತ ಕೇಳಿ ನೋಡಿ.